ಆಟಿಸಂ ಉಳ್ಳವರ ಭವಿಷ್ಯ: ವರ್ತಕ ಕುಟುಂಬಗಳು ಮಾಡಿಡಬೇಕಾದ ಏರ್ಪಾಡು

ನಾವು ದಾಸ್ತಾನಿಗೆ ವಿಮೆ ಮಾಡಿಸುತ್ತೇವೆ, ಪಾಲುದಾರಿಕೆಗೆ ಪತ್ರ ಬರೆಸುತ್ತೇವೆ. ಆದರೆ ಆಟಿಸಂ ಉಳ್ಳ ಮಗ ಅಥವಾ ಮಗಳಿರುವ ಮನೆಗಳಲ್ಲಿ ತಂದೆ-ತಾಯಿಯ ನಂತರದ ಏರ್ಪಾಡು ಬಹುತೇಕ ಬಾಯಿಮಾತಿನಲ್ಲೇ ಉಳಿದಿರುತ್ತದೆ. ಕೋವಿಡ್ ಕಾಲವು ಈ ಕೊರತೆಯನ್ನು ಎತ್ತಿ ತೋರಿಸಿತು.

ಆಟಿಸಂ ರೋಗವಲ್ಲ, ಬೆಳವಣಿಗೆಯಲ್ಲಿನ ಭಿನ್ನತೆ. ನಿತ್ಯಕ್ರಮ ತಪ್ಪಿದರೆ ಇಂಥವರಲ್ಲಿ ಅನೇಕರು ತೀವ್ರ ತಳಮಳಕ್ಕೆ ಒಳಗಾಗುತ್ತಾರೆ. 2020ರ ಮಾರ್ಚ್‌ನಲ್ಲಿ ಶಾಲೆ, ತರಬೇತಿಗಳೆಲ್ಲ ನಿಂತವು. ಮೇ ತಿಂಗಳಲ್ಲಿ ಮುಂಬಯಿಯಿಂದ ಕುಂದಾಪುರ, ಬೈಂದೂರು ಕಡೆಗೆ ಮರಳಿದ ಕುಟುಂಬಗಳು ಕ್ವಾರಂಟೈನ್ ಕೇಂದ್ರಗಳಲ್ಲಿ ದಿನ ಕಳೆಯಬೇಕಾಯಿತು. ಅಂಗವಿಕಲರ ಆರೈಕೆದಾರರಿಗೆ ಸಂಚಾರ ವಿನಾಯಿತಿ ಅಥವಾ ಪಾಸ್ ನೀಡಬೇಕೆಂದು ಕೇಂದ್ರ ಇಲಾಖೆ ಆ ಮಾರ್ಚ್‌ನಲ್ಲೇ ಸೂಚಿಸಿತ್ತು. ಆದರೆ ಅಂಥ ಸೂಚನೆ ಇದೆಯೆಂದೇ ತಿಳಿಯದವರಿಗೆ ಅದರಿಂದ ಪ್ರಯೋಜನವೇನು?

ಮುಖ್ಯ ವಿಷಯ ಪಾಲಕತ್ವದ್ದು. 18 ವರ್ಷ ತುಂಬಿದೊಡನೆ ಕಾನೂನಿನ ದೃಷ್ಟಿಯಲ್ಲಿ ಮಗು ವಯಸ್ಕ. ಹೆತ್ತವರ ಸಹಜ ಪಾಲಕತ್ವ ಅಲ್ಲಿಗೆ ಮುಗಿಯುತ್ತದೆ. ಮುಂದೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕಿನವರು ಇದಕ್ಕಾಗಿ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಯನ್ನು ಸಂಪರ್ಕಿಸಬೇಕು. ಪಾಲಕರ ಅಗತ್ಯವಿದೆಯೇ, ಯಾವ ಕೆಲಸಕ್ಕೆ ಎಂಬುದನ್ನು ಸಮಿತಿ ಮೊದಲು ಪರಿಶೀಲಿಸುತ್ತದೆ. ತನ್ನ ವ್ಯವಹಾರವನ್ನು ತಾನೇ ನಡೆಸಬಲ್ಲವರಿಗೆ ಪಾಲಕರು ಬೇಕಿಲ್ಲ. ಬ್ಯಾಂಕ್ ಠೇವಣಿಗೆ ಸಹೋದರನ ಹೆಸರನ್ನು ನಾಮಿನಿಯಾಗಿ ಬರೆಸಿದರೆ ಎಲ್ಲವೂ ಆಯಿತೆಂದು ಭಾವಿಸುವವರು ಬಹಳ. ನಾಮಿನಿ ಹಣ ಪಡೆಯುವವನಷ್ಟೇ, ಒಡೆಯನಲ್ಲ. ಉಯಿಲು ಬರೆಯುವುದು ಅವಶ್ಯ. ಇದನ್ನು ಮುಂದೂಡುವುದು ನನಗೆ ಸರಿಕಾಣುವುದಿಲ್ಲ.

ಇನ್ನು ತೆರಿಗೆ. 1961ರ ಕಾಯ್ದೆಯ 80ಡಿಡಿ ಕಲಮಿನ ಕಡಿತವು 2025ರ ಕಾಯ್ದೆಯಲ್ಲೂ ಮುಂದುವರಿದಿದೆ. ಅವಲಂಬಿತರಿಗೆ ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದರೆ ರೂ. 75,000, ಶೇ. 80 ಅಥವಾ ಮೇಲ್ಪಟ್ಟಿದ್ದರೆ ರೂ. 1,25,000, ವೆಚ್ಚದ ಮೊತ್ತ ಎಷ್ಟೆಂಬುದು ಮುಖ್ಯವಲ್ಲ. ಅವಿಭಕ್ತ ಕುಟುಂಬಕ್ಕೂ ಇದು ಲಭ್ಯ, ಪಾಲುದಾರಿಕೆ ಸಂಸ್ಥೆಗಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಕಡಿತವಿಲ್ಲ. ವ್ಯಾಪಾರದ ಆದಾಯವುಳ್ಳವರು ಹಳೆಯ ಪದ್ಧತಿಯನ್ನು ಆರಿಸಿ ಮತ್ತೆ ಹೊಸದಕ್ಕೆ ಮರಳಿದರೆ ಪುನಃ ಹಳೆಯದಕ್ಕೆ ಹೋಗುವಂತಿಲ್ಲವಾದ್ದರಿಂದ ಲೆಕ್ಕ ಹಾಕಿಯೇ ನಿರ್ಧರಿಸಬೇಕು.

ಅವಲಂಬಿತರಿಗಾಗಿ ಮಾಡಿಸಿದ ವಿಮೆಯ ಹಣ ಮೊದಲು ಹೆತ್ತವರ ಮರಣಾನಂತರವಷ್ಟೇ ದೊರೆಯುತ್ತಿತ್ತು. 2022ರ ಹಣಕಾಸು ಕಾಯ್ದೆಯ ನಂತರ, ಕಂತು ಕಟ್ಟುವವರಿಗೆ 60 ವರ್ಷ ತುಂಬಿ ಕಂತು ನಿಲ್ಲಿಸಿದ ಮೇಲೆ ಅವರು ಜೀವಿಸಿರುವಾಗಲೇ ಪಡೆಯಬಹುದು. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಯು ಪೂರ್ವ ವೈದ್ಯಕೀಯ ಪರೀಕ್ಷೆಯಿಲ್ಲದೆ ರೂ. 1 ಲಕ್ಷದವರೆಗೆ ರಕ್ಷಣೆ ಕೊಡುತ್ತದೆ. ಥೆರಪಿಯ ವೆಚ್ಚವೂ ಅದರಲ್ಲಿ ಸೇರಿದೆ. ಇವೆಲ್ಲಕ್ಕೂ ವೈಕಲ್ಯದ ಪ್ರಮಾಣಪತ್ರವೇ ಬುನಾದಿ. ಅದರಲ್ಲಿ ಅವಧಿ ನಮೂದಾಗಿದ್ದರೆ, ಮುಗಿದ ನಂತರದ ವರ್ಷಗಳಿಗೆ ಹೊಸದನ್ನು ಪಡೆದೇ ಕಡಿತ ಕೋರಬೇಕು.