ಗಾಜಿನ ಬಟ್ಟಲಿನ ಹದ

ಕಾರ್ಖಾನೆಯಿಂದ ಬಂದ ಗಾಜಿನ ಲೋಟಗಳು ಒಂದರಂತೆ ಇನ್ನೊಂದು ಇರುತ್ತವೆ. ಕಲಾವಿದನು ತನ್ನ ಉಸಿರಿನಿಂದ ಊದಿ, ಕೈಯಿಂದ ತಿದ್ದಿ ಮಾಡಿದ ಪಾನಪಾತ್ರೆ ಹಾಗಲ್ಲ. ಅದರ ತಳವನ್ನು ತಿರುಗಿಸಿ ನೋಡಿದರೆ ನಡುವೆ ಒರಟಾದ ಮಚ್ಚೆಯೊಂದು, ಇಲ್ಲವೆ ಅದನ್ನು ಉಜ್ಜಿ ನುಣುಪುಗೊಳಿಸಿದ ಗುರುತು, ಸಾಮಾನ್ಯವಾಗಿ ಕಾಣುತ್ತದೆ. ಇಂಥ ಪಾತ್ರೆಯ ಅಂದವನ್ನು ಕುರಿತು ರಸಿಕರು ಹೇಳಲಿ. ಅದು ಒಡೆಯದೆ ಹೇಗೆ ಉಳಿಯಿತೆಂಬುದು ಮಾತ್ರ ಭೌತವಿಜ್ಞಾನದ ಪ್ರಶ್ನೆ. ಏಕೆಂದರೆ, ಕಣ್ಣಿಗೆ ಯಾವ ದೋಷವೂ ಕಾಣದ ಬಟ್ಟಲು, ಮೇಜಿನ ಮೇಲೆ ಇಟ್ಟಲ್ಲಿಯೇ, ಯಾರೂ ಮುಟ್ಟದಿರುವಾಗಲೇ ಮರುದಿನ ಸೀಳಿಹೋಗುವುದುಂಟು.

ಗಾಜಿನ ಮುಖ್ಯ ದ್ರವ್ಯ ಮರಳು, ಎಂದರೆ ಸಿಲಿಕ. ಶುದ್ಧ ಸಿಲಿಕ ಕರಗಲು ಸುಮಾರು 1,700 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಸೋಡಾ ಬೆರಸಿದರೆ ಇದಕ್ಕಿಂತ ಬಹಳ ಕಡಮೆ ಉಷ್ಣತೆಯಲ್ಲಿಯೇ ಕರಗುತ್ತದೆ. ಆದರೆ ಬರಿಯ ಸೋಡಾ ಬೆರೆತ ಗಾಜು ನೀರಿನಲ್ಲಿ ಕರಗುವಂಥದು. ಅದರಲ್ಲಿ ಪಾನಕ ಕುಡಿಯುವುದೆಂತು? ಸುಣ್ಣದ ಅಂಶ ಸೇರಿದಾಗಲೇ ಅದು ನೀರಿಗೆ ಜಗ್ಗದ ಗಾಜಾಗುತ್ತದೆ.

ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ಥಟ್ಟನೆ ನೀರಾಗುತ್ತದೆ. ಗಾಜಿಗೆ ಅಂಥ ಗೊತ್ತಾದ ಕರಗುವ ಬಿಂದುವಿಲ್ಲ. ನಮ್ಮ ಅಡಿಗೆಮನೆಯ ಬೆಲ್ಲದ ಪಾಕವನ್ನು ನೆನೆಯಿರಿ. ಎಳೆ ಪಾಕ, ಉಂಡೆ ಪಾಕ, ಕೊನೆಗೆ ಚಿಕ್ಕಿಗೆ ಬೇಕಾದ ಗಟ್ಟಿ ಪಾಕ: ಎಲ್ಲಿ ದ್ರವ ಮುಗಿದು ಘನ ಮೊದಲಾಯಿತೆಂದು ಯಾರೂ ಗೆರೆ ಎಳೆಯಲಾರರು. ಪಾಕದಲ್ಲಿ ಈ ಬದಲಾವಣೆ ಬಹುಮಟ್ಟಿಗೆ ನೀರು ಆರುವುದರಿಂದ, ಗಾಜಿನಲ್ಲಿ ಉಷ್ಣತೆಯೊಂದರಿಂದಲೇ. ಸಾಮಾನ್ಯ ಗಾಜಿನ ಸ್ನಿಗ್ಧತೆ ಸುಮಾರು 1,000 ಡಿಗ್ರಿಯಲ್ಲಿ ಹತ್ತು ಸಾವಿರ ಪಾಯ್ಸ್. ಸುಮಾರು 540 ಡಿಗ್ರಿಗೆ ಇಳಿಯುವಷ್ಟರಲ್ಲಿ ಅದು ನೂರು ಕೋಟಿ ಪಟ್ಟು ಏರಿರುತ್ತದೆ! ಇವೆರಡರ ನಡುವಣ ಕೆಲವು ನಿಮಿಷಗಳಲ್ಲಿಯೇ ಕುಶಲಿಯ ಕೆಲಸವೆಲ್ಲ ನಡೆಯಬೇಕು. ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಗಾಜಿನ ಮುದ್ದೆಯನ್ನು ಸುತ್ತಿಕೊಂಡು ಅವನು ಊದುತ್ತಾನೆ. ಜೋತು ಬೀಳದಂತೆ ಕೊಳವೆಯನ್ನು ಸದಾ ಉರುಳಿಸುತ್ತಲೇ ಇರುತ್ತಾನೆ. ಆಕಾರ ಬಂದ ಮೇಲೆ ತಳಕ್ಕೆ ಗಟ್ಟಿ ಸಲಾಕೆಯೊಂದನ್ನು ಅಂಟಿಸಿ, ಕೊಳವೆಯನ್ನು ಬಿಡಿಸಿ, ಬಾಯಿಯನ್ನು ಮತ್ತೆ ಕಾಯಿಸಿ ಅಗಲಿಸುತ್ತಾನೆ. ಮೊದಲು ಹೇಳಿದ ಮಚ್ಚೆ ಈ ಸಲಾಕೆಯದೇ. ತುಟಿಗೆ ತಾಗುವ ಅಂಚು ಅಷ್ಟು ನುಣುಪಾಗಿರುವುದು ಉಜ್ಜಿದ್ದರಿಂದಲ್ಲ. ಮೆತ್ತಗಾದ ಗಾಜನ್ನು ಮೇಲ್ಮೈ ಎಳೆತವೇ ದುಂಡಗೆ ಮಾಡುತ್ತದೆ.

ಊದುವ ವಿದ್ಯೆ ಕ್ರಿಸ್ತಪೂರ್ವ ಒಂದನೆಯ ಶತಮಾನದ ಹೊತ್ತಿಗೆ ಸಿರಿಯ, ಪ್ಯಾಲೆಸ್ಟೈನ್ ಪ್ರಾಂತಗಳಲ್ಲಿ ಹುಟ್ಟಿತು. ಅಮೆರಿಕದಲ್ಲಿ ಅದು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಬಹುಮಟ್ಟಿಗೆ ಕಾರ್ಖಾನೆಯ ಗೋಡೆಗಳೊಳಗೇ ಉಳಿದಿತ್ತು. ಅದನ್ನು ಒಬ್ಬೊಬ್ಬ ಕಲಾವಿದನ ಸ್ವಂತ ಕುಲುಮೆಗೆ ತಂದವರಲ್ಲಿ ಹಾರ್ವೆ ಲಿಟಲ್‌ಟನ್ (1922–2013) ಪ್ರಮುಖರು. ಅವರ ತಂದೆ ಜೆಸ್ಸಿ ಲಿಟಲ್‌ಟನ್ ಕಾರ್ನಿಂಗ್ ಗಾಜಿನ ಕಂಪನಿಯ ಭೌತವಿಜ್ಞಾನಿ. ತನ್ನ ತೂಕದಿಂದಲೇ ಗಾಜಿನ ಎಳೆ ನಿಮಿಷಕ್ಕೆ ಒಂದು ಮಿಲಿಮೀಟರಿನಂತೆ ಉದ್ದವಾಗುವ ಉಷ್ಣತೆಗೆ ಇಂದಿಗೂ ‘ಲಿಟಲ್‌ಟನ್ ಮೃದುತ್ವ ಬಿಂದು’ ಎಂಬ ಹೆಸರಿದೆ. ಆಗಿನ ಸ್ನಿಗ್ಧತೆ ಸುಮಾರು ನಾಲ್ಕು ಕೋಟಿ ಪಾಯ್ಸ್. (1913ರಲ್ಲಿ ಬ್ಯಾಟರಿಯ ಗಾಜಿನ ಜಾಡಿಯ ತಳವನ್ನು ಕತ್ತರಿಸಿ, ಅದರಲ್ಲಿ ಕೇಕು ಸುಟ್ಟು, ಪೈರೆಕ್ಸ್ ಪಾತ್ರೆಗೆ ದಾರಿ ತೋರಿಸಿದಾಕೆ ಹಾರ್ವೆಯ ತಾಯಿ ಬೆಸ್ಸಿ. ವಿಜ್ಞಾನ ಅಡಿಗೆಮನೆಗೆ ಹೊರಗಿನದಲ್ಲ.) 1962ರ ಮಾರ್ಚಿಯಲ್ಲಿ ಟೊಲೀಡೊ ನಗರದ ಕಲಾ ಮ್ಯೂಸಿಯಮ್ಮಿನ ಆವರಣದಲ್ಲಿ ಹಾರ್ವೆ ಒಂದು ಪುಟ್ಟ ಕುಲುಮೆ ಹೂಡಿದರು. ಮೊದಲು ಕರಗಿಸಿದ ಗಾಜು ಊದಲು ಒದಗಲೇ ಇಲ್ಲ. ಆಗ ಡಾಮಿನಿಕ್ ಲಬೀನೊ ಎಂಬ ಗಾಜಿನ ತಜ್ಞರು ಕುಲುಮೆಯನ್ನು ಮಾರ್ಪಡಿಸಿ, ಗಾಜಿನ ನಾರು ತೆಗೆಯಲು ಬಳಸುತ್ತಿದ್ದ ಗೋಲಿಗಳನ್ನು ಅದಕ್ಕೆ ಹಾಕಿಸಿದರು. ನಿವೃತ್ತ ಕುಶಲಿ ಹಾರ್ವೆ ಲೀಫ್‌ಗ್ರೀನ್ ಊದುವುದನ್ನು ಮಾಡಿ ತೋರಿಸಿದರು. ಕಲಾಶಾಲೆಯವರಿಗೆ ಆ ದಿನ ದಕ್ಕಿದುದು ಈ ಮುದುಕರ ಕೈಚಳಕವೇ ಎಂದು ನನಗೆ ತೋರುತ್ತದೆ.

ಇನ್ನು ಸೀಳುವ ಪ್ರಶ್ನೆ. ಕೆಂಪಗೆ ಕಾದ ಬಟ್ಟಲನ್ನು ಹಾಗೆಯೇ ಆರಲು ಬಿಟ್ಟರೆ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ಇನ್ನೂ ಮೆತ್ತಗಿರುತ್ತದೆ. ಬಳಿಕ ಒಳಭಾಗವೂ ತಣಿದು ಕುಗ್ಗಲು ಹವಣಿಸುವಾಗ ಗಟ್ಟಿಯಾದ ಹೊರಮೈ ಅದಕ್ಕೆ ಎಡೆಗೊಡುವುದಿಲ್ಲ. ಒಂದೆಡೆ ಒತ್ತಡ, ಇನ್ನೊಂದೆಡೆ ಸೆಳೆತ ಗಾಜಿನಲ್ಲಿಯೇ ಸೆರೆಯಾಗಿ ಉಳಿಯುತ್ತವೆ. ತಳ ದಪ್ಪ, ಅಂಚು ತೆಳುವಾದ ಬಟ್ಟಲಿನಲ್ಲಿ ಈ ಸೆಳೆತ ಕೆಲವೆಡೆ ಮೇಲ್ಮೈಗೇ ಬರುತ್ತದೆ. ಗಾಜು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಸೆಳೆತವನ್ನು ತಾಳದು. ಒಂದು ಸಣ್ಣ ಗೀರು ಸಾಕು. ಆದುದರಿಂದ ಮುಗಿದ ಪಾತ್ರೆಯನ್ನು ಕೂಡಲೆ ಸುಮಾರು 500 ಡಿಗ್ರಿಯ ಇನ್ನೊಂದು ಗೂಡಿಗೆ ಸೇರಿಸುತ್ತಾರೆ. ಅಲ್ಲಿ ಅಣುಗಳು ನಿಧಾನವಾಗಿ ಸರಿದಾಡಿ ಸೆಳೆತವನ್ನು ಕಳೆದುಕೊಳ್ಳುತ್ತವೆ. ಅನಂತರ ಮೆಲ್ಲಮೆಲ್ಲನೆ ತಣಿಸಬೇಕು. ಶಾಖ ಹಾಯ್ದುಹೋಗಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಗುಣ: ಗೋಡೆಯ ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿ. ತೆಳು ಬಟ್ಟಲಿಗೆ ಒಂದು ರಾತ್ರಿ ಸಾಕಾದರೆ ದಪ್ಪ ಶಿಲ್ಪಕ್ಕೆ ದಿನಗಳೇ ಹಿಡಿಯುತ್ತವೆ.

ಬಣ್ಣದ ಗಾಜನ್ನು ಬಿಳಿಯ ಗಾಜಿಗೆ ಬೆಸೆಯುವಾಗ ಇನ್ನೊಂದು ತೊಡಕುಂಟು. ಪ್ರತಿ ಡಿಗ್ರಿಗೆ ಒಂದು ಗಾಜು ತನ್ನ ಉದ್ದದ ಕೋಟಿಯಲ್ಲಿ 96 ಪಾಲು, ಇನ್ನೊಂದು 90 ಪಾಲು ಕುಗ್ಗುವುದೆನ್ನಿ. ವ್ಯತ್ಯಾಸ ಕೋಟಿಗೆ 6. 500 ಡಿಗ್ರಿ ತಣಿಯುವಾಗ ಕೋಟಿಗೆ 3,000, ಎಂದರೆ ಹತ್ತು ಸಾವಿರಕ್ಕೆ 3. ಗಾಜಿನ ಯಂಗ್ ಗುಣಾಂಕ ಚದರ ಸೆಂಟಿಮೀಟರಿಗೆ ಸುಮಾರು 7 ಲಕ್ಷ ಕಿಲೋಗ್ರಾಂ. ಗುಣಿಸಿದರೆ, ಭಾರವೆಲ್ಲ ಒಂದೇ ಗಾಜಿನ ಮೇಲೆ ಬಿದ್ದಾಗ, ಚದರ ಸೆಂಟಿಮೀಟರಿಗೆ 210 ಕಿಲೋಗ್ರಾಂ ಸೆಳೆತ! ಇದನ್ನು ಎಷ್ಟು ಹದಗೊಳಿಸಿದರೂ ಕಳೆಯಲಾಗದು. ಹೊಂದುವ ಗಾಜುಗಳನ್ನು ಮೊದಲೇ ಆರಿಸಬೇಕು, ಅಷ್ಟೆ.

ಸೆರೆಯಾದ ಈ ಸೆಳೆತವನ್ನು ಕಣ್ಣಾರೆ ಕಾಣಬಹುದು. ಗಣಕಯಂತ್ರದ ಎಲ್.ಸಿ.ಡಿ. ತೆರೆಯಿಂದ ಬರುವುದು ಧ್ರುವೀಕೃತ ಬೆಳಕು. ತೆರೆಯನ್ನು ಬೆಳ್ಳಗೆ ಮಾಡಿ, ಪೋಲರಾಯ್ಡ್ ಕನ್ನಡಕದ ಗಾಜೊಂದನ್ನು ಕಣ್ಣಮುಂದೆ ಹಿಡಿದು, ತೆರೆ ಕಪ್ಪಾಗುವವರೆಗೆ ತಿರುಗಿಸಿರಿ. ಈಗ ನಡುವೆ ಲೋಟವನ್ನು ಹಿಡಿಯಿರಿ. ಚೆನ್ನಾಗಿ ಹದಗೊಂಡ ಗಾಜು ಬಹುಮಟ್ಟಿಗೆ ಕಪ್ಪಾಗಿಯೇ ಇರುತ್ತದೆ. ಸೆಳೆತವಿದ್ದೆಡೆ ಬೆಳಕು ಮೂಡುತ್ತದೆ. ಹೋಲಿಕೆಗೆ ಜ್ಯಾಮಿತಿ ಪೆಟ್ಟಿಗೆಯ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯನ್ನೂ ಹಿಡಿದು ನೋಡಿರಿ. ಲೋಟವನ್ನು ಮೆಲ್ಲನೆ ತಿರುಗಿಸುತ್ತ ನೋಡಬೇಕು. ಒಂದು ನಿಲುವಿನಲ್ಲಿ ಮರೆಯಾದ ಸೆಳೆತ ಇನ್ನೊಂದರಲ್ಲಿ ತಳದ ಅಂಚಿನಲ್ಲಿಯೇ ಬೆಳಗಬಹುದು.