ಮಿದುಳಿನ ಅನ್ಯೂರಿಸಂಗೆ ಸ್ಟೆಂಟ್: ಚಿಕಿತ್ಸೆ ಗೆಲ್ಲಲು ಏಳು ಸೂತ್ರಗಳು

ಮಿದುಳಿನ ರಕ್ತನಾಳದ ಗೋಡೆ ಒಂದು ಕಡೆ ಸೊರಗಿ ಬಲೂನಿನಂತೆ ಉಬ್ಬಿದರೆ ಅದೇ ಅನ್ಯೂರಿಸಂ. 100 ವಯಸ್ಕರಲ್ಲಿ ಸುಮಾರು 3 ಮಂದಿಗೆ ಇರುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಬೇರೇನಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಅದು ಕಂಡು, ವೈದ್ಯರು ‘ಫ್ಲೋ ಡೈವರ್ಟರ್ ಸ್ಟೆಂಟ್ ಹಾಕೋಣ’ ಅಂದಿದ್ದಾರೆಯೇ? ಅವರ ಕೆಲಸ ಕೆಲವು ಗಂಟೆಗಳದ್ದು, ನಿಮ್ಮದು ತಿಂಗಳುಗಟ್ಟಲೆಯದು.

1. ಸ್ಟೆಂಟ್ ಕೆಲಸ ಮಾಡುವ ಬಗೆ ತಿಳಿದುಕೊಳ್ಳಿ.
ಕಾಲುವೆಯ ದಡ ಕೊರೆದು ಪಕ್ಕದಲ್ಲಿ ಗುಂಡಿ ಬಿದ್ದಿದೆ ಅಂದುಕೊಳ್ಳಿ. ಗುಂಡಿಯ ಬಾಯಿಗೆ ಒತ್ತಾದ ಜಾಲರಿ ಕಟ್ಟಿದರೆ ಒಳಗಿನ ಸುಳಿ ನಿಲ್ಲುತ್ತದೆ, ನಿಂತ ನೀರಿನಲ್ಲಿ ಹೂಳು ತುಂಬುತ್ತದೆ. ಇಲ್ಲೂ ಹಾಗೇ. ‘ಪೈಪ್‌ಲೈನ್’ ಎಂಬ ಫ್ಲೋ ಡೈವರ್ಟರ್ ಸ್ಟೆಂಟಿನಲ್ಲಿ ಕೂದಲಿಗಿಂತ ತೆಳುವಾದ 48 ಲೋಹದ ಎಳೆಗಳನ್ನು ಜಡೆಯಂತೆ ಹೆಣೆದಿರುತ್ತಾರೆ. ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ನಳಿಕೆಯೊಳಗೆ ಅದನ್ನು ಒಯ್ದು, ಉಬ್ಬಿನ ಬಾಯಿಗೆ ಅಡ್ಡಲಾಗಿ ಬಿಚ್ಚುತ್ತಾರೆ. ಉಬ್ಬಿನೊಳಗೆ ರಕ್ತ ಹೆಪ್ಪುಗಟ್ಟುತ್ತದೆ, ಜಾಲರಿಯ ಮೇಲೆ ನಾಳದ ಒಳಪೊರೆ ಹಬ್ಬುತ್ತದೆ. ತಲೆಬುರುಡೆ ತೆರೆಯಬೇಕಿಲ್ಲ.

2. ನನಗೆ ಇದೇ ಸರಿಯೇ ಎಂದು ಕೇಳಿ.
ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕುವುದು, ಉಬ್ಬಿನೊಳಗೆ ಲೋಹದ ಸುರುಳಿ (ಕಾಯಿಲ್) ತುಂಬುವುದು ಈಗಲೂ ಒಳ್ಳೆಯ ದಾರಿಗಳೇ. ಅಗಲ ಬಾಯಿಯ ದೊಡ್ಡ ಉಬ್ಬಿಗೆ ಈ ಸ್ಟೆಂಟ್ ಚೆನ್ನಾಗಿ ಒಗ್ಗುತ್ತದೆ. ಈಗಾಗಲೇ ಒಡೆದ ಉಬ್ಬಿಗೆ ಸಾಮಾನ್ಯವಾಗಿ ಇದು ಮೊದಲ ಆಯ್ಕೆಯಲ್ಲ. ಪಾರ್ಶ್ವವಾಯು, ರಕ್ತಸ್ರಾವದ ಅಪಾಯ ಎಷ್ಟು, ನೀವು ಇಂಥ ಎಷ್ಟು ಚಿಕಿತ್ಸೆ ಮಾಡಿದ್ದೀರಿ ಎಂದು ವೈದ್ಯರನ್ನೇ ಕೇಳಿ. ಸಂಕೋಚ ಬೇಡ.

3. ಮಾತ್ರೆ ಒಂದು ದಿನವೂ ತಪ್ಪಬಾರದು.
ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ಹೊಸ ಲೋಹದ ಮೇಲೆ ರಕ್ತ ಹೆಪ್ಪುಗಟ್ಟಿದರೆ ನಾಳವೇ ಮುಚ್ಚಿ ಪಾರ್ಶ್ವವಾಯು ಹೊಡೆಯಬಹುದು. ಅದಕ್ಕೇ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದು ಮಾತ್ರೆಯನ್ನು ಕೆಲವು ದಿನ ಮೊದಲೇ ಶುರು ಮಾಡುತ್ತಾರೆ. ಎರಡನ್ನೂ ಸಾಮಾನ್ಯವಾಗಿ 3ರಿಂದ 6 ತಿಂಗಳು, ಆಮೇಲೆ ಆಸ್ಪಿರಿನ್ ಒಂದನ್ನೇ ಬಹುಕಾಲ ನುಂಗಬೇಕು. ‘ಚೆನ್ನಾಗಿದ್ದೀನಲ್ಲ, ಇನ್ನೇಕೆ’ ಎಂದು ನಿಲ್ಲಿಸುವುದೇ ದೊಡ್ಡ ತಪ್ಪು. ಏಳು ಖಾನೆಯ ಡಬ್ಬಿಯನ್ನು ಕಾಫಿಪುಡಿಯ ಡಬ್ಬಿಯ ಪಕ್ಕದಲ್ಲಿಡಿ. ಸಂಜೆ ಖಾನೆ ಖಾಲಿಯಾಗಿದೆಯೇ ಎಂದು ಮನೆಯವರೊಬ್ಬರು ನೋಡಲಿ. ಮಾತ್ರೆಯ ಕೊನೆಯ ಪಟ್ಟಿ ಒಡೆಯುವ ಮೊದಲೇ ಹೊಸದು ತಂದಿಡಿ.

4. ಮಾತ್ರೆ ಮೈಗೆ ಹಿಡಿಯುತ್ತಿದೆಯೇ, ಕೇಳಿ.
ಕ್ಲೋಪಿಡೋಗ್ರೆಲ್ ದೇಹದಲ್ಲಿ ಬದಲಾದ ಮೇಲಷ್ಟೇ ಕೆಲಸ ಮಾಡುತ್ತದೆ. ಭಾರತೀಯರಲ್ಲಿ ಅನೇಕರಿಗೆ ಹುಟ್ಟಿನಿಂದಲೇ ಆ ಬದಲಾವಣೆ ನಿಧಾನ. ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ, ಬೇರೆ ಮಾತ್ರೆಗಳಿವೆ. ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಇದರ ಬಲ ಕುಗ್ಗಿಸುತ್ತದೆ. ಅಂಗಡಿಯಿಂದ ತಂದ ನೋವಿನ ಮಾತ್ರೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಹಲ್ಲು ಕೀಳಿಸಬೇಕೇ? ಸ್ಟೆಂಟ್ ಹಾಕಿದ ವೈದ್ಯರನ್ನು ಮೊದಲು ಕೇಳಿ.

5. ಬೀಡಿ, ಸಿಗರೇಟು ಬಿಡಿ, ಬಿಪಿ ಹತೋಟಿಯಲ್ಲಿಡಿ.
ಉಬ್ಬು ಬೆಳೆಯುವುದಕ್ಕೂ ಒಡೆಯುವುದಕ್ಕೂ ಹೊಗೆ ಸೇದುವುದು, ಏರಿದ ಬಿಪಿ ಎರಡೂ ಕಾರಣ. ಇದರಲ್ಲಿ ರಿಯಾಯಿತಿ ಇಲ್ಲ.

6. ಅವಸರ ಬೇಡ, ಮರುಪರೀಕ್ಷೆ ತಪ್ಪಿಸಬೇಡಿ.
2011ರಲ್ಲಿ ಅಮೆರಿಕದ ಎಫ್‌ಡಿಎ ಪೈಪ್‌ಲೈನ್‌ಗೆ ಒಪ್ಪಿಗೆ ಕೊಡಲು ಆಧಾರವಾದ ಅಧ್ಯಯನದಲ್ಲಿ, ಪರೀಕ್ಷಿಸಿದ ಉಬ್ಬುಗಳಲ್ಲಿ ಆರು ತಿಂಗಳಿಗೆ ಸುಮಾರು ಮುಕ್ಕಾಲು ಪಾಲು, ವರ್ಷಕ್ಕೆ ಶೇ. 87, ಐದು ವರ್ಷಕ್ಕೆ ಶೇ. 95 ಪೂರ್ತಿ ಮುಚ್ಚಿದ್ದವು. ಅವು ದೊಡ್ಡ, ಕಷ್ಟದ ಉಬ್ಬುಗಳು! ಮೊದಲ ಆಂಜಿಯೋಗ್ರಾಂನಲ್ಲಿ ‘ಇನ್ನೂ ಸ್ವಲ್ಪ ಇದೆ’ ಅಂದರೆ ಸೋತಿರಿ ಎಂದಲ್ಲ. ಸ್ಟೆಂಟಿನ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಳ್ಳಿ, ಎಂಆರ್‌ಐಗೆ ಹೋದಾಗ ತೋರಿಸಿ.

7. ಅಪಾಯದ ಗುರುತು ಮನೆಯವರಿಗೆಲ್ಲ ಗೊತ್ತಿರಲಿ.
ಮೊದಲ ಕೆಲವು ದಿನ ಸಣ್ಣ ತಲೆನೋವು ಬರುವುದುಂಟು. ಆದರೆ ಸಿಡಿಲು ಬಡಿದಂತೆ ಹಿಂದೆಂದೂ ಕಾಣದ ತಲೆನೋವು, ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.