ತಾರೀಖಿಲ್ಲದ ಲೆಕ್ಕ

ಬೆಂಗಳೂರಿನಲ್ಲಿ ಹನ್ನೊಂದು ವರ್ಷ ನಾನು ಮಾಡಿದ ಕೆಲಸ ಬೇರೆಯವರ ಲೆಕ್ಕ ಬರೆಯುವುದು. ಹಾಗಾಗಿ ಕೆನಡಾಕ್ಕೆ ಹೋಗಿ ನೆಲೆಸುವುದೆಂದು ನಿಶ್ಚಯವಾದಾಗ ಖರ್ಚಿನ ಪಟ್ಟಿ ತಾನಾಗಿ ನನ್ನ ಪಾಲಿಗೆ ಬಂತು. ಎಕ್ಸೆಲ್‌ನಲ್ಲಿ ಅರವತ್ತಮೂರು ಸಾಲು. ಅರ್ಜಿಯ ಫೀಸಿನಿಂದ ಹಿಡಿದು ಇಡ್ಲಿ ಪಾತ್ರೆಯ ತೂಕದವರೆಗೆ ಎಲ್ಲ ಇತ್ತು. ಇವರು ಅದನ್ನು ಸ್ನೇಹಿತರಿಗೆ ತೋರಿಸಿ ಬೀಗಿದ್ದೂ ಉಂಟು. ಆದರೆ ಆ ಪಟ್ಟಿಯಲ್ಲಿ ಮೊತ್ತಕ್ಕೆ ಕಾಲಂ ಇತ್ತು, ತಾರೀಖಿಗೆ ಇರಲಿಲ್ಲ. ಮುಂದೆ ನಾವು ಪಟ್ಟ ಪಾಡೆಲ್ಲ ಆ ಇಲ್ಲದ ಕಾಲಂನದು.

ಮೊದಲ ಪೆಟ್ಟು ಬಿದ್ದದ್ದು ಸಾಗರದಲ್ಲಿ, ಅಪ್ಪನ ಮನೆಯಲ್ಲಿ. ಕೆನಡಾದ ಕಾಯಂ ವಾಸಕ್ಕೆ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ದಾರಿಯಲ್ಲಿ ಹೋಗುವವರು, ಅಲ್ಲಿ ಕೆಲಸ ಮೊದಲೇ ಗೊತ್ತಾಗಿಲ್ಲದಿದ್ದರೆ, ಇಂತಿಷ್ಟು ಹಣ ನಮ್ಮಲ್ಲಿದೆ ಎಂದು ತೋರಿಸಬೇಕು. ನಾಲ್ಕು ಜನರ ಸಂಸಾರಕ್ಕೆ 2023ರಲ್ಲಿ ಅದು 25 ಸಾವಿರ ಡಾಲರಿಗೂ ಸ್ವಲ್ಪ ಮೇಲೆ, ನಮ್ಮ ಲೆಕ್ಕದಲ್ಲಿ ಹದಿನೈದೂವರೆ ಲಕ್ಷ. ಸಾಲದ ದುಡ್ಡು ನಡೆಯುವುದಿಲ್ಲ. ಬ್ಯಾಂಕಿನವರ ಪತ್ರದಲ್ಲಿ ಆರು ತಿಂಗಳ ಸರಾಸರಿ ಬಾಕಿಯೂ ಇರಬೇಕು, ನಮ್ಮ ತಲೆಯ ಮೇಲಿನ ಸಾಲವೂ ಇರಬೇಕು. ನಮಗೆ ನಾಲ್ಕು ಲಕ್ಷ ಕಡಿಮೆ ಬಿದ್ದಿತ್ತು. ಅಪ್ಪನ ಬಳಿ ಕೈಸಾಲ ಕೇಳೋಣವೆಂದುಕೊಂಡಿದ್ದೆ. ನಿಯಮ ಓದಿದ ಮೇಲೆ ಬಾಯಿ ಕಟ್ಟಿತು. ಸಾಲವಲ್ಲದೆ ದಾನವಾಗಿ ಕೊಟ್ಟರೆ ಮಾತ್ರ ಸೈ, ಅದಕ್ಕೊಂದು ಪತ್ರ ಬೇಕು, ವಾಪಸ್ ಕೇಳುವುದಿಲ್ಲವೆಂದು ಅದರಲ್ಲಿ ಬರೆದಿರಬೇಕು.

"ಮಗಳಿಗೆ ದುಡ್ಡು ಕೊಡೋಕೆ ಛಾಪಾ ಕಾಗದ ಯಾಕೆ ಮಾರಾಯ್ತಿ?" ಎಂದರು ಅಪ್ಪ. ಕೊಡಲು ಅವರಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಆಗಲೇ ಅಡಿಕೆ ಮಾರುವುದಕ್ಕೆ. ಚಾಲಿ ಮೂಟೆಗಳು ಅಟ್ಟದಲ್ಲಿದ್ದವು, ರೇಟು ಇಳಿದಿತ್ತು, ನಾಲ್ಕು ತಿಂಗಳು ತಡೆದರೆ ಏರುತ್ತದೆಂದು ಅವರ ಅಂದಾಜು. ನನಗೋ ತಡವಾಗಿ ಬಂದ ದುಡ್ಡಿನಿಂದ ಸರಾಸರಿ ಏರುವುದಿಲ್ಲವೆಂಬ ಚಿಂತೆ. ಅಪ್ಪ ಮಾತಾಡದೆ ಮಂಡಿಗೆ ಮೂಟೆ ಹೇರಿಸಿದರು. ಅವರ ಅಂದಾಜು ಸರಿಯಿತ್ತು. ಆ ವ್ಯತ್ಯಾಸದ ದುಡ್ಡು ನನ್ನ ಅರವತ್ತಮೂರು ಸಾಲಿನಲ್ಲಿ ಎಲ್ಲೂ ಇಲ್ಲ.

ಫೀಸು, ಮೆಡಿಕಲ್, ಪೊಲೀಸ್ ಪ್ರಮಾಣಪತ್ರ, ಟಿಕೆಟ್ಟುಗಳಲ್ಲಿ ನನ್ನ ಲೆಕ್ಕ ಹೆಚ್ಚು ತಪ್ಪಲಿಲ್ಲ. ಕಾಯಂ ವಾಸದ ಅರ್ಜಿಗೆ ಆಗ ದೊಡ್ಡವರಿಗೆ ತಲಾ 1,365 ಡಾಲರ್, ಮಕ್ಕಳಿಗೆ ತಲಾ 230. ಈಗ ಇನ್ನೂ ಹೆಚ್ಚಾಗಿದೆ. ಇಂಥವನ್ನು ಯಾರು ಬೇಕಾದರೂ ಕೂಡಿಸಬಹುದು.

ಲೆಕ್ಕ ಬರೆಯುವವಳಾಗಿ ನಾನು ನಾಚಿಕೆಪಡಬೇಕಾದದ್ದು ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆಯ ವಿಷಯದಲ್ಲಿ. ಹೊರದೇಶಕ್ಕೆ ಹಣ ಕಳಿಸುವಾಗ ಆರ್ಥಿಕ ವರ್ಷವೊಂದರಲ್ಲಿ ಒಬ್ಬರ ಮೊತ್ತ 7 ಲಕ್ಷ ದಾಟಿದರೆ, ದಾಟಿದ್ದರ ಮೇಲೆ ಶೇಕಡಾ 20ನ್ನು ಬ್ಯಾಂಕು ಮೊದಲೇ ಹಿಡಿದುಕೊಳ್ಳುವ ನಿಯಮ 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತ್ತು. (2025ರ ಏಪ್ರಿಲ್‌ನಿಂದ ಮಿತಿ 10 ಲಕ್ಷ.) ನಾನು 2024ರ ಜನವರಿಯಲ್ಲಿ, ಹೊರಡುವ ವಾರ, ನನ್ನೊಬ್ಬಳ ಖಾತೆಯಿಂದ 18 ಲಕ್ಷ ಕಳಿಸಲು ಹೊರಟೆ. ಬ್ಯಾಂಕಿನ ಹುಡುಗಿ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದಳು: ಹನ್ನೊಂದು ಲಕ್ಷದ ಮೇಲೆ 2 ಲಕ್ಷ 20 ಸಾವಿರ. ನನ್ನ ವೃತ್ತಿಯೇ ಇದು! ಕಕ್ಷಿದಾರರಿಗೆ ಇದನ್ನೇ ಹೇಳಿದ್ದೆ. ಇಬ್ಬರ ಖಾತೆಗಳಿಂದ ಅರ್ಧರ್ಧ ಕಳಿಸಿದ್ದರೆ 80 ಸಾವಿರಕ್ಕೆ ಮುಗಿಯುತ್ತಿತ್ತು. ಆದರೆ ಅಷ್ಟೂ ದುಡ್ಡು ನನ್ನ ಖಾತೆಯಲ್ಲಿತ್ತು, ಇವರ ಖಾತೆಯ ಕೆವೈಸಿ ಬಾಕಿಯಿತ್ತು, ವಿಮಾನಕ್ಕೆ ಉಳಿದದ್ದು ಐದು ದಿನ.

ಆ ದುಡ್ಡೇನೂ ಕಳೆದುಹೋಗುವುದಿಲ್ಲ, ರಿಟರ್ನ್ ಸಲ್ಲಿಸಿದ ಮೇಲೆ ಮರಳುತ್ತದೆ. ನಮಗೆ ಮರಳಿದ್ದು ಸೆಪ್ಟೆಂಬರಿನಲ್ಲಿ. ಬೇಕಾಗಿದ್ದದ್ದು ಫೆಬ್ರವರಿಯಲ್ಲಿ. ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸಿನದೂ ಇದೇ ಕಥೆ. ಹತ್ತು ತಿಂಗಳ ಅಡ್ವಾನ್ಸನ್ನು 'ಬರಬೇಕಾದದ್ದು' ಎಂದು ಬರೆದು ಒಟ್ಟಿಗೆ ಸೇರಿಸಿಬಿಟ್ಟಿದ್ದೆ. ಮಾಲೀಕರು ಹೊಸ ಬಾಡಿಗೆದಾರ ಸಿಗಲಿ ಎಂದರು, ಆಮೇಲೆ ಪೇಂಟಿಂಗ್ ಆಗಲಿ ಎಂದರು. ಕೊಟ್ಟರು, ಸುಳ್ಳು ಹೇಳಬಾರದು. ಕೊಡುವ ಹೊತ್ತಿಗೆ ನಾವು ಇಲ್ಲಿ ಎರಡು ಚಳಿಗಾಲ ನೋಡಿಯಾಗಿತ್ತು.

ಬ್ರಾಂಪ್ಟನ್‌ನಲ್ಲಿ ನಮಗೆ ಸಿಕ್ಕಿದ್ದು ಬೇಸ್‌ಮೆಂಟ್ ಮನೆ. ಒಂಟಾರಿಯೊ ಕಾನೂನಿನಲ್ಲಿ ಮೊದಲ ತಿಂಗಳ ಬಾಡಿಗೆಯ ಜೊತೆಗೆ ಕೊನೆಯ ತಿಂಗಳದ್ದೊಂದನ್ನು ಮಾತ್ರ ಠೇವಣಿಯಾಗಿ ಕೇಳಬಹುದು. ಬೆಂಗಳೂರಿನಿಂದ ಹೋದ ನನಗೆ ಅದನ್ನೋದಿ ಸ್ವರ್ಗ ಕಂಡಷ್ಟು ಖುಷಿಯಾಗಿತ್ತು. ಆದರೆ ಸಂಬಳದ ಪತ್ರವಿಲ್ಲ, ಕ್ರೆಡಿಟ್ ಸ್ಕೋರ್ ಎಂಬುದು ಹುಟ್ಟೇ ಇಲ್ಲ. ಮನೆಯವರು ಆರು ತಿಂಗಳ ಬಾಡಿಗೆ ಮುಂಗಡ ಕೇಳಿದರು. ಹೊರಗೆ ಮೈನಸ್ ಹದಿನಾಲ್ಕು, ಚಿಕ್ಕವನಿಗೆ ಕೆಮ್ಮು. ಕಾನೂನು ಮಾತಾಡುವ ಹೊತ್ತೇ ಅದು? ನಾಲ್ಕಕ್ಕೆ ಒಪ್ಪಿಸಿದೆವು.

ಇನ್ನೊಂದು ಕಡೆ ದಂಡಕ್ಕೆ ಖರ್ಚು ಮಾಡಿದ್ದೂ ಇದೆ. ಆರೋಗ್ಯ ಕಾರ್ಡಿಗೆ ಮೂರು ತಿಂಗಳು ಕಾಯಬೇಕೆಂದು ಹಿಂದೆ ಬಂದವರು ಹೇಳಿದ್ದನ್ನು ನಂಬಿ ಖಾಸಗಿ ವಿಮೆ ಮಾಡಿಸಿದ್ದೆ. ಒಂಟಾರಿಯೊ ಆ ಕಾಯುವಿಕೆಯನ್ನು 2020ರ ಮಾರ್ಚ್‌ನಲ್ಲೇ ತೆಗೆದುಹಾಕಿತ್ತು. ಹಾಗೆಯೇ ಹಳೆಯ ಡ್ರೈವಿಂಗ್ ಅನುಭವ ಪೂರ್ತಿ ಲೆಕ್ಕಕ್ಕೆ ಬರಬೇಕಾದರೆ ಲೈಸೆನ್ಸ್ ಕೊಟ್ಟ ಕಚೇರಿಯ ಪತ್ರ ಬೇಕು. ಊರಲ್ಲಿದ್ದಾಗ ಆರ್‌ಟಿಒ ಎದುರೇ ದಿನಾ ಓಡಾಡುತ್ತಿದ್ದ ನಾವು, ಇಲ್ಲಿಗೆ ಬಂದ ಮೇಲೆ ಮೈದುನನನ್ನು ಮೂರು ಸಲ ಅಲೆಸಿದೆವು. ಅಂಗಡಿಯ ಬೆಲೆಚೀಟಿಯಲ್ಲಿ ಕಾಣದೆ ಬಿಲ್ಲಿನಲ್ಲಿ ಸೇರುವ ಶೇಕಡಾ 13ರ ತೆರಿಗೆ ಅಕ್ಕಿ, ಹಾಲು, ತರಕಾರಿಗಿಲ್ಲ. ಆದರೆ ಹೊಸ ಸಂಸಾರ ಹೂಡುವವರು ಕೊಳ್ಳುವುದು ಹಾಸಿಗೆ, ಬಾಣಲೆ, ಮೇಜನ್ನೇ ಅಲ್ಲವೆ.

ನಿಜವಾಗಿ ಕೈ ಕಚ್ಚಿದ್ದು ಚಿಕ್ಕವನ ವಿಷಯ. ಇಲ್ಲಿ ಸರ್ಕಾರಿ ಶಾಲೆಯಲ್ಲಿ ಜೂನಿಯರ್ ಕಿಂಡರ್‌ಗಾರ್ಟನ್ ಶುರುವಾಗುವುದು ಮಗುವಿಗೆ ನಾಲ್ಕು ತುಂಬುವ ವರ್ಷದ ಸೆಪ್ಟೆಂಬರಿಗೆ. ಅವನು 2020ರಲ್ಲಿ ಹುಟ್ಟಿದವನು, ನಾವು ಇಳಿದದ್ದು ಜನವರಿಯಲ್ಲಿ. ನಡುವೆ ಎಂಟು ತಿಂಗಳು. ರಿಯಾಯಿತಿ ದರದ ಡೇಕೇರ್‌ಗಳಲ್ಲಿ ಹೆಸರು ಬರೆಸಿ ಕಾದದ್ದೇ ಬಂತು, ಜಾಗ ಸಿಗಲಿಲ್ಲ. ಪೂರ್ತಿ ದರ ಕೊಟ್ಟು ಬಿಡುವಷ್ಟು ಸಂಬಳ ಬರುವ ಕೆಲಸ ನನಗಿನ್ನೂ ಸಿಕ್ಕಿರಲಿಲ್ಲ. ಮಗುವನ್ನು ಬಿಡದೆ ಕೆಲಸ ಹುಡುಕಲಾಗದು, ಕೆಲಸವಿಲ್ಲದೆ ಮಗುವನ್ನು ಬಿಡಲಾಗದು. ಪಟ್ಟಿಯಲ್ಲಿ ಮೂರನೇ ತಿಂಗಳಿನಿಂದ ಇಬ್ಬರ ಸಂಬಳ ಬರೆದಿದ್ದೆ. ಇವರಿಗೆ ಕಾಂಟ್ರಾಕ್ಟ್ ಕೆಲಸ ಸಿಕ್ಕಿದ್ದು ಐದನೇ ತಿಂಗಳು, ನನಗೆ ಹತ್ತನೇ ತಿಂಗಳು. ಅಷ್ಟು ದಿನ ಸಂಸಾರ ತೂಗಿದ್ದು ತೋರಿಸಲೆಂದು ಕೂಡಿಟ್ಟಿದ್ದ ಅದೇ ಹದಿನೈದೂವರೆ ಲಕ್ಷ. ನಾನದನ್ನು ಮುಂದೆ ಮನೆ ಕೊಳ್ಳುವ ಡೌನ್‌ಪೇಮೆಂಟಿನ ಸಾಲಿನಲ್ಲೂ ಬರೆದಿದ್ದೆ. ಒಂದೇ ದುಡ್ಡು, ಎರಡು ಕಡೆ.

ಈಗ ಚಿಕ್ಕಪ್ಪನ ಮಗಳು ಹೊರಟಿದ್ದಾಳೆ. ಅವಳ ಪಟ್ಟಿಯನ್ನು ನೋಡಿಕೊಡು ಎಂದು ಕಳಿಸಿದ್ದಳು. ಪ್ರತಿ ಸಾಲಿನ ಮುಂದೆಯೂ 'ಯಾವಾಗ?' ಎಂದು ಬರೆದು ವಾಪಸ್ ಕಳಿಸಿದೆ. ಅವಳಿಗೆ ಸಿಟ್ಟು ಬಂದಿದೆಯೆಂದು ಚಿಕ್ಕಮ್ಮ ಹೇಳಿದರು.

ಅಪ್ಪನ ನಾಲ್ಕು ಲಕ್ಷವನ್ನು ಹೋದ ವರ್ಷ ಅವರ ಖಾತೆಗೆ ಹಾಕಿದೆ. ಮೂರನೇ ದಿನಕ್ಕೆ ಫೋನು. "ಇದೇನಿದು? ವಾಪಸ್ ಕೇಳೋದಿಲ್ಲ ಅಂತ ಸೈನ್ ಹಾಕಿ ಕೊಟ್ಟಿದ್ದೇನಲ್ಲ. ನಾಳೆ ಕೆನಡಾದವರು ಬಂದು ಕೇಳಿದರೆ ನಾನೇನು ಹೇಳಲಿ?" ನೀನು ಕೇಳಿಲ್ಲ, ನಾನಾಗಿ ಕೊಟ್ಟದ್ದು ಎಂದೆ. "ಹಾಗಾದರೆ ನೀನೂ ಒಂದು ಛಾಪಾ ಕಾಗದದಲ್ಲಿ ಬರೆದು ಕಳಿಸು," ಎಂದರು. ನಗುತ್ತಿದ್ದಾರೋ ಇಲ್ಲವೋ ಫೋನಿನಲ್ಲಿ ತಿಳಿಯಲಿಲ್ಲ.